ಅಜ್ಜನ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

ಏಳನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವಳ ಅಜ್ಜನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದೆ, ಮೆಮೊರಿ 4 ಜಿಬಿ. ವಿಂಡೋಸ್ 11 ಈ ಯಂತ್ರಕ್ಕೆ ಹಿಡಿಸುವುದಿಲ್ಲವಂತೆ. ಚಿಕ್ಕಪ್ಪ ಗುಜರಿಗೆ ಹಾಕೋಣ ಅಂತಾರೆ, ಅಜ್ಜ ಬಿಡುತ್ತಿಲ್ಲ. ಲಿನಕ್ಸ್ ಹಾಕಬಹುದು ಎಂದು ಯಾರೋ ಹೇಳಿದ್ದಾರೆ. ಆದರೆ ಅದರಲ್ಲಿ ನೂರಾರು ಬಗೆ ಇವೆಯಲ್ಲ, ಯಾವುದನ್ನು ಹಾಕುವುದು?

ನಾನು ಅಜ್ಜನ ಪಕ್ಷ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನಿಜ. ಹಾಗೆಂದು ಯಂತ್ರ ಕೆಟ್ಟಿಲ್ಲ. ಮನೆಗೆ ಹೊಸ ಕಳ್ಳಗಿಂಡಿ ಬಿದ್ದರೆ ತಾನಾಗಿ ಬಂದು ಮುಚ್ಚುತ್ತಿದ್ದವರು ಈಗ ಬರುವುದಿಲ್ಲ, ಅಷ್ಟೆ.

ನೂರಾರು ಬಗೆ ಏಕೆ ಎಂದರೆ, ಮಗೂ, 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಬರೆದದ್ದು ಒಳಗಿನ ತಿರುಳನ್ನು ಮಾತ್ರ. ಅದನ್ನು ಕರ್ನೆಲ್ ಎನ್ನುತ್ತಾರೆ. ಅದು ಅನ್ನ ಇದ್ದ ಹಾಗೆ. ಅದೇ ಅನ್ನದಲ್ಲಿ ಒಬ್ಬರು ಚಿತ್ರಾನ್ನ ಕಲಸಿದರು, ಇನ್ನೊಬ್ಬರು ಪುಳಿಯೋಗರೆ. ಒಗ್ಗರಣೆ ಬೇರೆ, ಬಡಿಸುವ ತಟ್ಟೆ ಬೇರೆ. ಈ ಒಂದೊಂದು ಬಗೆಗೂ ಡಿಸ್ಟ್ರೋ ಎಂದು ಹೆಸರು.

ಹಳೆಯವರಲ್ಲಿ ಒಬ್ಬರು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ್ದು. ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಜೋಡಿಸಿ ಇಟ್ಟ ಹೆಸರು ಅದು. ಅದರ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರು. ಸದಾ ಪ್ರಯೋಗದಲ್ಲೇ ಇರುವ ಆವೃತ್ತಿಗೆ ಸಿಡ್ ಎನ್ನುತ್ತಾರೆ, ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ! ಈ ಡೆಬಿಯನ್ ಮೇಲೆ ಕಟ್ಟಿದ್ದು 2004ರ ಉಬುಂಟು, ಉಬುಂಟು ಮೇಲೆ ಕಟ್ಟಿದ್ದು 2006ರ ಲಿನಕ್ಸ್ ಮಿಂಟ್. ಅಜ್ಜ, ಮಗ, ಮೊಮ್ಮಗ. ಫೆಡೋರಾ ಬೇರೆ ಮನೆತನ.

ಬ್ಯಾಂಕಿನಲ್ಲಿ ಕೂತವನ ಕಣ್ಣಿಗೆ ಮೊದಲು ಬೀಳುವುದು ಅವಧಿ. ಫೆಡೋರಾದ ಒಂದು ಆವೃತ್ತಿಗೆ ರಿಪೇರಿ ಸಿಗುವುದು ಸುಮಾರು 13 ತಿಂಗಳು. ಹೊಸದನ್ನು ಕಲಿಯುವ ಕಾಲೇಜು ಹುಡುಗರಿಗೆ ಸೊಗಸು, ಆದರೆ ಅಜ್ಜ ವರ್ಷವರ್ಷವೂ ಮನೆ ಬದಲಿಸಬೇಕೆ? ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷ. ಆದರೆ ಅದರ 24.04 ಕನಿಷ್ಠ 4 ಜಿಬಿ ಮೆಮೊರಿ ಕೇಳುತ್ತದೆ. ನಿಮ್ಮ ಯಂತ್ರದಲ್ಲಿ ಇರುವುದೇ ಅಷ್ಟು. ಮಿಂಟ್ 22ಕ್ಕೆ 2 ಜಿಬಿ ಕನಿಷ್ಠ, 4 ಇದ್ದರೆ ಆರಾಮ, ರಿಪೇರಿ 2029ರವರೆಗೆ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಅಜ್ಜನಿಗೆ ರೂಢಿಯಾದ ನೋಟವೇ. ಡೆಬಿಯನ್ನೂ ಗಟ್ಟಿ, ಆದರೆ ಮೊದಲ ಸಲಕ್ಕೆ ಕೈಕೆಲಸ ಹೆಚ್ಚು. ನನ್ನ ಮತ ಮಿಂಟ್‌ಗೆ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಬಗೆಗೆ. ಆದರೆ ನಿಮ್ಮ ಬೀದಿಯಲ್ಲೇ ಉಬುಂಟು ಬಲ್ಲ ಅಣ್ಣ ಒಬ್ಬನಿದ್ದರೆ ಉಬುಂಟು ತಿರುಳಿನ ಹಗುರ ಬಗೆಯೊಂದನ್ನು ಅವನಿಂದಲೇ ಹಾಕಿಸಿ. ಕರೆದರೆ ಬರುವವನು ಹತ್ತಿರವಿರುವುದು ಎಷ್ಟೋ ವಾಸಿ.

ನನ್ನ ಮಾತು ನಂಬಿ ಹಾಕಿಬಿಡಬೇಡಿ. ಖಾಲಿ ಪೆನ್‌ಡ್ರೈವ್‌ಗೆ ಮಿಂಟ್ ಬರೆದುಕೊಂಡು (ಅದರಲ್ಲಿ ಮೊದಲು ಇದ್ದದ್ದೆಲ್ಲ ಅಳಿಯುತ್ತದೆ) ಅದರಿಂದಲೇ ಲ್ಯಾಪ್‌ಟಾಪ್ ಚಾಲೂ ಮಾಡಿ. ಒಳಗಿನ ವಿಂಡೋಸ್ ಹಾಗೇ ಇರುತ್ತದೆ. ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ, ಅದಕ್ಕೆ ಬೇಸರ ಬೇಡ. ವೈಫೈ ಸಿಗುತ್ತದೆಯೆ, ಧ್ವನಿ ಬರುತ್ತದೆಯೆ, ಪ್ರಿಂಟರ್ ಕಾಗದ ಕೊಡುತ್ತದೆಯೆ, ಅಮೆರಿಕದ ಅತ್ತೆಯ ವಿಡಿಯೋ ಕರೆಗೆ ಕ್ಯಾಮೆರಾ ತೆರೆಯುತ್ತದೆಯೆ ನೋಡಿ. ಕನ್ನಡಕ್ಕೆ ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿಗುತ್ತದೆ. ಅಜ್ಜನನ್ನೇ ಕೂರಿಸಿ ಒಂದು ಪುಟ ಟೈಪ್ ಮಾಡಿಸು. ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವ್ ಕಿತ್ತು ಮತ್ತೆ ಚಾಲೂ ಮಾಡಿದರಾಯಿತು, ಹಳೆಯದೇ ಬರುತ್ತದೆ.

ಅಜ್ಜ ಹಳೆಯ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ಫೈಲುಗಳಿದ್ದರೆ ಎಚ್ಚರ. ಆ ಫಾಂಟ್ ಇಲ್ಲದ ಕಡೆ ಅವು ಇಂಗ್ಲಿಷ್ ಅಕ್ಷರಗಳ ಗೊಜ್ಜಿನಂತೆ ಕಾಣುತ್ತವೆ. ವಿಂಡೋಸ್ ಇರುವಾಗಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಇನ್ನು, ವಿಂಡೋಸಿಗೆಂದೇ ಮಾಡಿದ ಲೆಕ್ಕದ ತಂತ್ರಾಂಶವನ್ನು ಚಿಕ್ಕಪ್ಪ ಅದರಲ್ಲಿ ಬಳಸುತ್ತಿದ್ದರೆ ಮೊದಲೇ ಕೇಳಿಕೋ.

ಡಿಸ್ಕ್ ಪೂರ್ತಿ ಅಳಿಸಿ ಹಾಕುವ ಆಯ್ಕೆ ಒತ್ತಿದರೆ ಒಳಗಿರುವುದು ಹೋಯಿತೆಂದೇ ಲೆಕ್ಕ. ಅಜ್ಜಿಯ ಫೋಟೊ, ಅಜ್ಜನ ಬರಹ, ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ಹತ್ತಿಪ್ಪತ್ತು ಫೈಲು ತೆರೆದು ನೋಡಿ. ಅಜ್ಜ ‘ಎಲ್ಲ ಸಿಕ್ಕಿತು’ ಎಂದ ಮೇಲೆಯೇ ಆ ಗುಂಡಿ ಒತ್ತು.