ಯಂತ್ರ-ತಂತ್ರ: ಚಳಿಗೆ ಮರಗಟ್ಟಿದ ಟ್ರ್ಯಾಕ್ಟರಿಗೆ ಬಿಸಿನೀರಿನ ಉಪಚಾರ

ಮಕ್ಕಳ ಮನೆಗೆಂದು ಚಳಿಗಾಲದಲ್ಲಿ ಕೆನಡಾಕ್ಕೆ ಹೋಗಿಬಂದವರು ನಮ್ಮ ಓದುಗರಲ್ಲಿ ಅನೇಕರಿದ್ದೀರಿ. ವಿನ್ನಿಪೆಗ್, ಸಸ್ಕಟೂನ್ ಕಡೆಗೆ ಹೋದವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಅಲ್ಲಿ ಎಷ್ಟೋ ಕಾರುಗಳ ಮೂತಿಯಿಂದ ವಿದ್ಯುತ್ ಪ್ಲಗ್ಗೊಂದು ನಾಲಿಗೆಯಂತೆ ಹೊರಗೆ ಜೋತಾಡುತ್ತಿರುತ್ತದೆ. ವಾಹನ ನಿಲ್ಲಿಸುವ ಜಾಗಗಳಲ್ಲಿ ಕಂಬ ನೆಟ್ಟು ಸಾಕೆಟ್ ಕೂರಿಸಿರುತ್ತಾರೆ. ಇವೆಲ್ಲ ಬ್ಯಾಟರಿ ಕಾರುಗಳೆಂದು ತಿಳಿಯಬೇಡಿ. ಪೆಟ್ರೋಲ್, ಡೀಸೆಲ್ ಕಾರುಗಳೇ. ಆ ಪ್ಲಗ್ ಎಂಜಿನ್ನನ್ನು ಬೆಚ್ಚಗಿಡುವ ಸಣ್ಣ ಹೀಟರಿನದು. ಅದಕ್ಕೆ ಬ್ಲಾಕ್ ಹೀಟರ್ ಎಂದು ಹೆಸರು. ಕಾರಿಗಿಂತಲೂ ಇದು ಹೆಚ್ಚು ಬೇಕಾಗಿರುವುದು ರೈತನ ಡೀಸೆಲ್ ಟ್ರ್ಯಾಕ್ಟರಿಗೆ. ಈ ಸಲ ಅದರ ವಿಚಾರ ತಿಳಿದುಕೊಳ್ಳೋಣ.

ಹೊಲವೆಲ್ಲ ಹಿಮದಡಿ ಮಲಗಿರುವಾಗ ಟ್ರ್ಯಾಕ್ಟರಿಗೇನು ಕೆಲಸ ಎಂದು ನೀವು ಕೇಳಬಹುದು. ಉಳುವ ಕೆಲಸವಿಲ್ಲ, ನಿಜ. ಆದರೆ ಹಟ್ಟಿಯಲ್ಲಿ ದನಗಳಿವೆಯಲ್ಲ! ಅಲ್ಲಿ ಹುಲ್ಲನ್ನು ನಮ್ಮ ಬಣವೆಯಂತೆ ಒಟ್ಟುವುದಿಲ್ಲ, ಯಂತ್ರದಿಂದ ಸುತ್ತಿ ದೊಡ್ಡ ಉರುಳೆ ಮಾಡುತ್ತಾರೆ. ಒಂದೊಂದು ಉರುಳೆ 500 ಕಿಲೋ ತೂಗುವುದುಂಟು. ಟ್ರ್ಯಾಕ್ಟರ್ ಇಲ್ಲದೆ ಅದು ಅಲುಗುವುದಿಲ್ಲ. ಚಳಿ ಹೆಚ್ಚಿದಷ್ಟೂ ದನಗಳಿಗೆ ಮೈ ಕಾಯಿಸಿಕೊಳ್ಳಲು ಹೆಚ್ಚು ಮೇವು ಬೇಕು. ಆದ್ದರಿಂದ ಮೈನಸ್ 35 ಡಿಗ್ರಿಯ ಬೆಳಗಿನಲ್ಲಿ ಎಂಜಿನ್ ಏಳದಿದ್ದರೆ ಅದು ಬರೀ ತೊಂದರೆಯಲ್ಲ, ಮೂಕಪ್ರಾಣಿಗಳ ಹೊಟ್ಟೆಯ ಪ್ರಶ್ನೆ.

ಡೀಸೆಲ್ ಎಂಜಿನ್ನಿಗೇಕೆ ಈ ಜಡ?

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿಗೆ ಅದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ರಿಂದ 20 ಪಟ್ಟು ಒತ್ತಿದಾಗ ಅದು ಕಾದು ಕೆಂಡವಾಗುತ್ತದೆ. ಆ ಗಾಳಿಗೆ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಂಜಿನ್ನಿನ ಕಬ್ಬಿಣವೇ ಮಂಜುಗಡ್ಡೆಯಂತೆ ತಣ್ಣಗಿದ್ದಾಗ ಒತ್ತಿದ ಗಾಳಿಯ ಬಿಸಿಯನ್ನು ಸಿಲಿಂಡರಿನ ಗೋಡೆಗಳೇ ಹೀರಿಬಿಡುತ್ತವೆ. ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಎಂಜಿನ್ ಬಿಗಿಯುತ್ತದೆ. ಇದೇ ಹೊತ್ತಿಗೆ ಬ್ಯಾಟರಿಯೂ ಕೈಕೊಡುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎತ್ತು ಸೊರಗಿದೆ, ಗಾಡಿಯ ಭಾರ ಮಾತ್ರ ಇಮ್ಮಡಿಯಾಗಿದೆ ಎಂಬಂಥ ಸ್ಥಿತಿ.

ಹಿಂದಿನ ಕಾಲದ ರೈತರು ರಾತ್ರಿ ಎಂಜಿನ್ನಿನ ಎಣ್ಣೆಯನ್ನು ಬಸಿದು ಒಲೆಯ ಬಳಿ ಇಟ್ಟುಕೊಂಡು ಬೆಳಿಗ್ಗೆ ಬಿಸಿಬಿಸಿಯಾಗಿ ಸುರಿಯುತ್ತಿದ್ದರು. ಕೆಲವರು ಎಂಜಿನ್ನಿನ ಕೆಳಗೆ ಕೆಂಡದ ಬಾಣಲೆ ಇಡುತ್ತಿದ್ದರು. ಅಮೆರಿಕದ ಉತ್ತರ ಡಕೋಟಾ ರಾಜ್ಯದ ಗ್ರಾಂಡ್ ಫೋರ್ಕ್ಸ್ ಊರಿನ ಆಂಡ್ರ್ಯೂ ಫ್ರೀಮನ್ ಎಂಬಾತ ಎಂಜಿನ್ನಿನ ಒಂದು ಬೋಲ್ಟನ್ನೇ ಟೊಳ್ಳು ಮಾಡಿ ಅದರೊಳಗೆ ವಿದ್ಯುತ್ ತಂತಿಯ ಹೀಟರ್ ಕೂರಿಸುವ ಉಪಾಯ ಹುಡುಕಿ 1949ರಲ್ಲಿ ಪೇಟೆಂಟ್ ಪಡೆದ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಎಂಜಿನ್ನಿನ ತಂಪುನೀರಿನಲ್ಲೇ ಮುಳುಗಿರುವ ಹೀಟರ್. ನಮ್ಮ ಸ್ನಾನದ ಬಕೆಟ್ಟಿಗೆ ಇಳಿಬಿಡುವ ಕಾಯಿಲ್‌ನ ತಮ್ಮನೆನ್ನಿ.

ಕೂರಿಸುವ ಕ್ರಮ

ಎಂಜಿನ್ನಿನ ಬ್ಲಾಕನ್ನು ಎರಕ ಹೊಯ್ಯುವಾಗ ಒಳಗಿನ ಮರಳನ್ನು ತೆಗೆಯಲು ಪಕ್ಕದಲ್ಲಿ ದುಂಡನೆಯ ತೂತುಗಳನ್ನು ಬಿಟ್ಟಿರುತ್ತಾರೆ. ಆಮೇಲೆ ಬಟ್ಟಲಿನಂಥ ಲೋಹದ ಬಿರಡೆಯಿಂದ ಅವನ್ನು ಮುಚ್ಚುತ್ತಾರೆ. ಇಂಥ ಒಂದು ಬಿರಡೆಯ ಜಾಗದಲ್ಲಿ ಹೀಟರ್ ಕೂರುತ್ತದೆ. ಕೆಲವು ಟ್ರ್ಯಾಕ್ಟರುಗಳಲ್ಲಿ ಇದಕ್ಕೆಂದೇ ಮರೆಯುಳ್ಳ ಕಿಂಡಿ ಇರುತ್ತದೆ. ಅಲ್ಲಿ ಕೆಲಸ ಇನ್ನೂ ಸುಲಭ. ಯಾವ ಎಂಜಿನ್ನಿಗೆ ಯಾವ ಹೀಟರ್ ಎಂಬುದನ್ನು ಎಂಜಿನ್ನಿನ ಮಾದರಿ ಸಂಖ್ಯೆ ನೋಡಿಯೇ ಕೊಳ್ಳಬೇಕು. ಅಂದಾಜಿನ ಮೇಲೆ ತಂದರೆ ಸರಿಹೊಂದುವುದಿಲ್ಲ. ತೂತುಗಳಲ್ಲಿ ಆರಿಸಿಕೊಳ್ಳುವ ಅವಕಾಶವಿದ್ದರೆ ಕೆಳಗಿನದೇ ಒಳ್ಳೆಯದು. ಬಿಸಿಯಾದ ನೀರು ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಪಂಪಿನ ಹಂಗಿಲ್ಲದೆ ಬಿಸಿ ಬ್ಲಾಕಿನೊಳಗೆ ಹರಡುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೈಹಾಕಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ರಾಚುತ್ತದೆ. ಒಳಗಿನ ದ್ರವವನ್ನು ಪಾತ್ರೆಗೆ ಬಸಿದುಕೊಂಡು ಕೂಡಲೇ ಮುಚ್ಚಿಡಿ. ಇದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ ನೆಕ್ಕಿದರೂ ಮಗು ಕುಡಿದರೂ ಜೀವಕ್ಕೆ ಅಪಾಯ.

ಇನ್ನು ಬಿರಡೆ. ಅದರ ಒಂದು ಅಂಚಿಗೆ ಪಂಚ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದರೆ ಅದು ಬಾಗಿಲಿನಂತೆ ತಿರುಗಿ ನಿಲ್ಲುತ್ತದೆ. ಆಗ ಇಕ್ಕಳದಿಂದ ಹಿಡಿದೆಳೆಯಬೇಕು. ನೇರ ನಡುವಿಗೆ ಹೊಡೆದು ಅದನ್ನು ಬ್ಲಾಕಿನೊಳಗೆ ಬೀಳಿಸಬಾರದು. ತೂತಿನ ಅಂಚಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ. ಇಲ್ಲಿ ಸೋಮಾರಿತನ ಮಾಡಿದರೆ ನಾಳೆ ಸೋರಿಕೆ ಖಂಡಿತ.

ಹೀಟರಿನ ರಬ್ಬರ್ ಉಂಗುರಕ್ಕೆ ಅದೇ ದ್ರವವನ್ನು ಸವರಿ ತೂತಿನೊಳಗೆ ತೂರಿಸಬೇಕು. ಕಾಯುವ ಸುರುಳಿ ಒಳಗಿನ ಗೋಡೆಗಾಗಲಿ ಸಿಲಿಂಡರಿನ ತೋಳಿಗಾಗಲಿ ತಾಗಬಾರದು. ತಾಗಿದರೆ ಸುತ್ತ ದ್ರವ ಹರಿಯದೆ ಆ ಜಾಗ ಸುಟ್ಟುಹೋಗುತ್ತದೆ. ಸ್ವಲ್ಪ ಆಚೀಚೆ ತಿರುಗಿಸಿ, ಸೂಚನಾಪತ್ರದಲ್ಲಿ ಹೇಳಿದ ದಿಕ್ಕಿಗೆ ನಿಲ್ಲಿಸಿ, ನಡುವಿನ ಸ್ಕ್ರೂ ಬಿಗಿಯಿರಿ.

ಬಳಿಕ ಗ್ಲೈಕಾಲ್ ಮತ್ತು ಶುದ್ಧ ನೀರನ್ನು ಸಮಪಾಲಿನಲ್ಲಿ ಬೆರೆಸಿ ತುಂಬಬೇಕು. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಬರಿ ನೀರಾದರೆ ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗಿ ಕಬ್ಬಿಣದ ಬ್ಲಾಕನ್ನೇ ಸೀಳಿಬಿಡುತ್ತದೆ. ತುಂಬಿದ ಮೇಲೆ ಎಂಜಿನ್ನನ್ನು ಬಯಲಿನಲ್ಲಿ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಸೋರಿಕೆ ಇದೆಯೇ ನೋಡಿ, ತಣ್ಣಗಾದ ಬಳಿಕ ಮಟ್ಟ ನೋಡಿ ಮತ್ತೆ ತುಂಬಿ. ಇಷ್ಟಾಗುವ ತನಕ ಪ್ಲಗ್ ಚುಚ್ಚಲೇಬಾರದು. ದ್ರವವಿಲ್ಲದ ಹೀಟರ್ ನೀರಿಲ್ಲದ ಕಾಯಿಲ್ ಇದ್ದಂತೆ, ನೋಡನೋಡುತ್ತ ಸುಟ್ಟುಹೋಗುತ್ತದೆ.

ವಿದ್ಯುತ್ತಿನ ಲೆಕ್ಕ

ಟ್ರ್ಯಾಕ್ಟರಿನ ಹೀಟರ್ ಸಾಮಾನ್ಯವಾಗಿ 1000 ವ್ಯಾಟ್ ಆಸುಪಾಸಿನದು. ಅಲ್ಲಿನ 120 ವೋಲ್ಟಿನಲ್ಲಿ ಅದು 8 ಆಂಪಿಯರಿಗೂ ತುಸು ಹೆಚ್ಚು ಎಳೆಯುತ್ತದೆ. ದೀಪದ ತೆಳು ವೈರು ಇದಕ್ಕೆ ಸಾಲದು. ಹೊರಾಂಗಣಕ್ಕೆಂದೇ ಮಾಡಿದ, ಅರ್ಥಿಂಗ್ ಇರುವ ಮೂರೆಳೆಯ ದಪ್ಪ ಕೇಬಲ್ ಬೇಕು. ಹೀಟರಿನ ವೈರನ್ನು ಫ್ಯಾನು, ಬೆಲ್ಟು, ಹೊಗೆಕೊಳವೆಗಳಿಂದ ದೂರ ಕಟ್ಟಬೇಕು. ಟ್ರ್ಯಾಕ್ಟರ್ ಹೊರಡಿಸುವ ಮುನ್ನ ಪ್ಲಗ್ ಕೀಳಬೇಕು.

ರಾತ್ರಿಯೆಲ್ಲ ಉರಿಸಬೇಕಾದ ಅಗತ್ಯವೂ ಇಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಸಾಕು. ಒಂದು ಟೈಮರ್ ಇಟ್ಟು ಬೆಳಗಿನ ಜಾವ ಮೂರು ಗಂಟೆ ಕಾಲ ಉರಿಸಿದರೆ 3 ಯೂನಿಟ್, ಸಂಜೆಯಿಂದ ಹನ್ನೆರಡು ಗಂಟೆ ಉರಿಸಿದರೆ 12 ಯೂನಿಟ್. ಲೆಕ್ಕ ನಿಮ್ಮ ಮುಂದಿದೆ. ಒಂದು ಎಚ್ಚರಿಕೆ: ಅಲ್ಲಿಂದ ತಂದ ಹೀಟರನ್ನು ಇಲ್ಲಿನ 230 ವೋಲ್ಟಿಗೆ ಚುಚ್ಚಬೇಡಿ. ವೋಲ್ಟೇಜ್ ಇಮ್ಮಡಿಯಾದರೆ ಬಿಸಿ ನಾಲ್ಕು ಮಡಿ ಎಂಬ ನಿಯಮದಂತೆ ಅದು ಮೂರೂವರೆ ಪಟ್ಟಿಗೂ ಹೆಚ್ಚು ಕಾದು ಹಾಳಾಗುತ್ತದೆ.

ಬ್ಲಾಕ್ ಹೀಟರ್ ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಕಡುಚಳಿಯಲ್ಲಿ ಡೀಸೆಲಿನೊಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಅದಕ್ಕೆ ಚಳಿಗಾಲದ ಡೀಸೆಲ್ಲೇ ಬೇಕು. ನಮ್ಮ ಲಡಾಖಿನಲ್ಲೂ ಇದೇ ಪಾಡು. ಅಲ್ಲಿಗೆಂದು ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲನ್ನು ಮಾರುಕಟ್ಟೆಗೆ ತಂದಿತು. ದಿಲ್ಲಿ, ಪುಣೆಯ ಚಳಿಗೆ ಇದಾವುದೂ ಬೇಡ. ಒಳ್ಳೆಯ ಬ್ಯಾಟರಿ, ಸರಿಯಾದ ಎಣ್ಣೆ ಇದ್ದರೆ ಸಾಕು.

ಜೀವಕ್ಕೆ ಎರವಾಗುವ ಅವಸರ

ಕೊನೆಯದಾಗಿ, ಚಳಿನಾಡಿನವರಿಗೂ ನಮ್ಮ ಊರಿನವರಿಗೂ ಸಮಾನವಾಗಿ ಅನ್ವಯಿಸುವ ಮಾತು. ಎಂಜಿನ್ ಏಳದಿದ್ದಾಗ ಕೆಲವರು ಕೆಳಗೆ ನಿಂತೇ ಸ್ಟಾರ್ಟರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ಕೊಟ್ಟು ಕಿಡಿ ಹಾರಿಸುತ್ತಾರೆ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಒಮ್ಮೆಲೇ ಹೊರಟು, ಚಕ್ರದ ಮುಂದೆ ನಿಂತವನ ಮೇಲೆಯೇ ಹರಿಯುತ್ತದೆ. ಇನ್ನು ಕೆಲವರು ಗಾಳಿಯ ಕೊಳವೆಗೆ ಈಥರ್ ಚಿಮುಕಿಸುತ್ತಾರೆ. ಎಂಜಿನ್ನಿನಲ್ಲಿ ಗ್ಲೋ ಪ್ಲಗ್ ಅಥವಾ ಗಾಳಿ ಕಾಯಿಸುವ ತಂತಿ ಇದ್ದರೆ ಅದು ಸಿಡಿಯಬಹುದು. ಚಳಿಗೆ ಹೆದರಿ ಕೊಟ್ಟಿಗೆಯ ಬಾಗಿಲು ಮುಚ್ಚಿ ಎಂಜಿನ್ ಓಡಿಸುವುದೂ ಅಷ್ಟೇ ಕೆಟ್ಟದ್ದು, ಹೊಗೆಯ ವಿಷಾನಿಲ ಉಸಿರು ಕಟ್ಟಿಸುತ್ತದೆ.

ಊರಿನಲ್ಲಿ ಹೊಲ ನೋಡಿಕೊಳ್ಳುವ ತಮ್ಮಂದಿರು ನಿಮಗಿದ್ದರೆ ಸ್ಕ್ರೂಡ್ರೈವರಿನ ಮಾತನ್ನು ಅವರಿಗೆ ಈ ವಾರವೇ ಫೋನಿನಲ್ಲಿ ತಿಳಿಸಿ. ಸೀಟಿನಲ್ಲಿ ಕುಳಿತು, ಗೇರ್ ತಪ್ಪಿಸಿ, ಕೀಲಿಯಿಂದಲೇ ಚಾಲೂ ಮಾಡಲಿ. ಅದಕ್ಕೂ ಏಳದ ಟ್ರ್ಯಾಕ್ಟರ್ ಮೆಕ್ಯಾನಿಕ್ ಬರುವವರೆಗೆ ನಿಂತಲ್ಲೇ ನಿಂತಿರಲಿ.