ಮದ್ದೂರಿನ ಕೊಲೆ, ಮುಖ್ಯಮಂತ್ರಿಯ ಫೋನು ಮತ್ತು ಯಾರೂ ಕೇಳದ ಪ್ರಶ್ನೆ

2018ರ ಡಿಸೆಂಬರ್ 24, ಸೋಮವಾರ. ಮದ್ದೂರು ಪಟ್ಟಣದಲ್ಲಿ ಹಾಡಹಗಲೇ ಜೆಡಿಎಸ್ ಮುಖಂಡ ತೊಪ್ಪನಹಳ್ಳಿ ಪ್ರಕಾಶ್ ಅವರ ಕಾರನ್ನು ಅಡ್ಡಗಟ್ಟಿ, ಮಚ್ಚಿನಿಂದ ಕೊಚ್ಚಿ ಕೊಲ್ಲಲಾಯಿತು. ಆಗ ವಿಜಯಪುರದಲ್ಲಿದ್ದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಪೊಲೀಸ್ ಅಧಿಕಾರಿಯೊಬ್ಬರ ಜೊತೆ ಫೋನಿನಲ್ಲಿ ಮಾತಾಡಿದ್ದು ಕ್ಯಾಮೆರಾಕ್ಕೆ ಸಿಕ್ಕಿತು. ಪ್ರಕಾಶ್ ಒಳ್ಳೆಯ ಮನುಷ್ಯ, ಕೊಂದವರನ್ನು ನಿರ್ದಾಕ್ಷಿಣ್ಯವಾಗಿ ಶೂಟೌಟ್ ಮಾಡಿ, ಏನೂ ತೊಂದರೆಯಿಲ್ಲ ಎಂಬುದು ಆ ಮಾತಿನ ಸಾರ.

ಅವತ್ತು ರಾತ್ರಿಯಿಂದಲೇ ಚರ್ಚೆ ಶುರುವಾಯಿತು. ಮುಖ್ಯಮಂತ್ರಿಯಾದವರು ಹೀಗೆ ಹೇಳಬಹುದಾ, ಇದು ಕಾನೂನಿನ ಆಳ್ವಿಕೆಯಾ ಅಂತ ವಿರೋಧ ಪಕ್ಷದವರು ಹಿಡಿದುಕೊಂಡರು. ಸ್ವಂತ ಕಾರ್ಯಕರ್ತ ಸತ್ತಾಗ ಕರುಳು ಚುರುಕ್ ಅನ್ನಲ್ವಾ ಅಂತ ಜೆಡಿಎಸ್‌ನವರು ತಿರುಗಿ ಕೇಳಿದರು. ಕುಮಾರಸ್ವಾಮಿಯವರೇ ಆಮೇಲೆ ಸ್ಪಷ್ಟನೆ ಕೊಟ್ಟರು: ಅದು ಆದೇಶವಲ್ಲ, ಭಾವೋದ್ವೇಗದಲ್ಲಿ ಬಂದ ಮಾತು. ಅದರ ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿದರು. ಕೊಂದವರು ಇದಕ್ಕೂ ಮುಂಚೆ ಎರಡು ಕೊಲೆಗಳಿಗೆ ಸಂಬಂಧಪಟ್ಟು ಜೈಲಿನಲ್ಲಿದ್ದವರು, ಜಾಮೀನಿನ ಮೇಲೆ ಹೊರಬಂದು ಎರಡು ದಿನವಾಗಿತ್ತು, ಜಾಮೀನನ್ನು ಹೀಗೆ ದುರ್ಬಳಕೆ ಮಾಡಿಕೊಳ್ಳುತ್ತಿದ್ದಾರೆ ಎಂದರು.

ದೇಶದ ಟಿವಿಗಳೆಲ್ಲ ಮೊದಲ ಮಾತನ್ನು ಹಿಡಿದು ವಾರಗಟ್ಟಲೆ ಎಳೆದಾಡಿದವು. ಎರಡನೆಯ ಮಾತನ್ನು ಯಾರೂ ಹಿಡಿಯಲಿಲ್ಲ. ನನಗೆ ಇವತ್ತಿಗೂ ಕಾಡುವುದು ಆ ಎರಡನೆಯ ಮಾತು.

ಯಾಕೆಂದರೆ ಮುಖ್ಯಮಂತ್ರಿಗಳು ಹೇಳಿದ್ದು ನಿಜವಾದರೆ, ಅದು ಕೊಲೆಗಾರರ ಮೇಲಿನ ದೂರು ಮಾತ್ರ ಅಲ್ಲ, ತಮ್ಮದೇ ಸರ್ಕಾರದ ಮೇಲಿನ ದೂರು ಕೂಡ. ಹಳೇ ದ್ವೇಷದ ಕೊಲೆ ಪ್ರಕರಣವೊಂದರ ಆರೋಪಿಗಳು ಹೊರಗೆ ಬಂದರು ಅನ್ನುವುದು ಜೈಲಿಗೆ ಗೊತ್ತು, ಕೋರ್ಟಿಗೆ ಗೊತ್ತು, ಸರ್ಕಾರಿ ವಕೀಲರಿಗೆ ಗೊತ್ತು. ಠಾಣೆಗೆ ಗೊತ್ತಿತ್ತಾ? ಗೊತ್ತಿದ್ದರೆ ಆ ಎರಡು ದಿನ ಏನು ಮಾಡಿದರು? ಗೊತ್ತಿರಲಿಲ್ಲ ಅಂದರೆ ಯಾಕೆ ಗೊತ್ತಿರಲಿಲ್ಲ? ಆ ಸಮ್ಮಿಶ್ರ ಸರ್ಕಾರದಲ್ಲಿ ಗೃಹ ಖಾತೆ ಕಾಂಗ್ರೆಸ್ಸಿನ ಬಳಿ ಇತ್ತು, ನಿಜ. ಆದರೆ ಗುಪ್ತಚರ ವಿಭಾಗ ಮುಖ್ಯಮಂತ್ರಿಗಳ ಕೈಯಲ್ಲೇ ಇತ್ತು. ಪ್ರಶ್ನೆ ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲುವುದು ಅದೇ ಮೇಜಿನ ಮುಂದೆ.

ನಮ್ಮ ದುದ್ದ, ಮದ್ದೂರು, ಮಳವಳ್ಳಿ ಕಡೆ ಇಂಥ ಸುದ್ದಿ ಬಂದಾಗ ಟೀ ಅಂಗಡಿಯಲ್ಲಿ ಎರಡು ಮಾತು ಬರುತ್ತವೆ. ಒಂದು, "ಇಂಥೋರ್ನೆಲ್ಲ ಎನ್‌ಕೌಂಟರ್ ಮಾಡ್ಬೇಕು". ಇನ್ನೊಂದು, "ಅವ್ರವ್ರ ದ್ವೇಷ ಬುಡಿ, ನಮ್ಗ್ಯಾಕೆ". ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧ ಅನ್ನಿಸಿದರೂ ಎರಡೂ ಮಾಡುವ ಕೆಲಸ ಒಂದೇ: ಪೊಲೀಸರನ್ನೂ ಸರ್ಕಾರವನ್ನೂ ಉತ್ತರ ಕೊಡುವ ಜವಾಬ್ದಾರಿಯಿಂದ ಬಿಟ್ಟುಬಿಡುವುದು.

ಸಕ್ಕರೆ ಕಾರ್ಖಾನೆಗಳ ಜಿಲ್ಲೆ ನಮ್ಮದು. ಬಾಯ್ಲರ್ ಸಿಡಿದರೆ ಯಾವ ಎಂಜಿನಿಯರ್ ಕೂಡ ಹಬೆಯನ್ನು ಬೈದು ಸುಮ್ಮನಾಗುವುದಿಲ್ಲ. ಸೇಫ್ಟಿ ವಾಲ್ವ್ ಯಾಕೆ ತೆರೆಯಲಿಲ್ಲ, ಕಡೇ ತಪಾಸಣೆ ಯಾವಾಗ ಆಯಿತು, ಮೀಟರಿನ ಮುಳ್ಳು ಏರುತ್ತಿದ್ದದ್ದನ್ನು ಕಂಡವನು ಯಾರಿಗೆ ಹೇಳಿದ, ಕೇಳಿಸಿಕೊಂಡವನು ಏನು ಮಾಡಿದ ಅಂತ ಒಂದೊಂದಾಗಿ ಕೇಳುತ್ತಾ ಹೋಗುತ್ತಾನೆ. ಕೊಲೆಗಾರ ಹಬೆಯಲ್ಲ, ಸರಿ. ಅವನು ಮನಸ್ಸು ಮಾಡಿ ಕೊಂದವನು, ಶಿಕ್ಷೆ ಆಗಲೇಬೇಕು. ಆದರೆ ಅವನಿಗೆ ಶಿಕ್ಷೆಯಾದ ಮಾತ್ರಕ್ಕೆ ಕೆಟ್ಟುಹೋದ ವಾಲ್ವ್ ರಿಪೇರಿ ಆಗುವುದಿಲ್ಲ.

ಎರಡು ಆಯೋಗ, ಎರಡು ಪ್ರಶ್ನೆ

ಈ ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳಲು ರಾಜೀವ್ ಗಾಂಧಿ ಹತ್ಯೆಗಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿಲ್ಲ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಬಾಂಬ್ ಸಿಡಿಯಿತು. ಅದಾದ ಮೇಲೆ ಕೇಂದ್ರ ಸರ್ಕಾರ ಎರಡು ಆಯೋಗ ಮಾಡಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರಿಗೆ ಕೇಳಿದ ಪ್ರಶ್ನೆ: ಈ ಸಾವನ್ನು ತಪ್ಪಿಸಬಹುದಿತ್ತೇ, ಭದ್ರತೆಯಲ್ಲಿ ಯಾರು ಎಲ್ಲಿ ಎಡವಿದರು? ನ್ಯಾಯಮೂರ್ತಿ ಎಂ.ಸಿ. ಜೈನ್ ಅವರಿಗೆ ಕೇಳಿದ್ದು: ಸಂಚಿನ ಹಿಂದೆ ಯಾರ್ಯಾರಿದ್ದರು?

ವರ್ಮಾ ಸುಮಾರು ಒಂದು ವರ್ಷದಲ್ಲಿ, 1992ರ ಜೂನ್‌ನಲ್ಲಿ ವರದಿ ಕೊಟ್ಟರು. ಅದರಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ. ಆಗಿನ ಎಸ್‌ಪಿಜಿ ಕಾಯ್ದೆ ಇದ್ದದ್ದು ಹಾಲಿ ಪ್ರಧಾನಿ ಮತ್ತು ಅವರ ಕುಟುಂಬಕ್ಕೆ ಮಾತ್ರ. ರಾಜೀವ್ ಅಧಿಕಾರ ಕಳೆದುಕೊಂಡ ಕೆಲವೇ ತಿಂಗಳಲ್ಲಿ ಎಸ್‌ಪಿಜಿ ವಾಪಸಾಯಿತು. ಅವರ ಮೇಲಿದ್ದ ಬೆದರಿಕೆ ಮಾತ್ರ ಹಾಗೇ ಇತ್ತು. ಅದಕ್ಕೆ ತಕ್ಕ ಬದಲಿ ವ್ಯವಸ್ಥೆ ಮಾಡದ ಕೇಂದ್ರ, ಗುಪ್ತಚರ ಇಲಾಖೆ, ತಮಿಳುನಾಡು ಪೊಲೀಸರು, ಸಭೆಯಲ್ಲಿ ಶಿಸ್ತು ಕಾಯದೆ ಜನರನ್ನು ಹತ್ತಿರ ಬಿಟ್ಟ ಸ್ವಂತ ಪಕ್ಷದವರು, ಹೀಗೆ ಎಲ್ಲರ ಪಾಲನ್ನೂ ವರದಿ ಲೆಕ್ಕ ಹಾಕಿತು.

ಆ ವರದಿಯಿಂದ ಯಾವ ಸರ್ಕಾರವೂ ಅಲುಗಾಡಲಿಲ್ಲ. ಅಲುಗಾಡಿದ್ದು 1997ರಲ್ಲಿ, ಜೈನ್ ಆಯೋಗದ ಮಧ್ಯಂತರ ವರದಿ ಪತ್ರಿಕೆಗೆ ಸೋರಿಕೆಯಾದಾಗ. ಡಿಎಂಕೆ ಸಚಿವರನ್ನು ಕೈಬಿಡಿ ಎಂದು ಕಾಂಗ್ರೆಸ್ ಪಟ್ಟು ಹಿಡಿಯಿತು, ಐ.ಕೆ. ಗುಜ್ರಾಲ್ ಒಪ್ಪಲಿಲ್ಲ, ಬೆಂಬಲ ಹೋಯಿತು, ಸರ್ಕಾರ ಬಿತ್ತು, 1998ರಲ್ಲಿ ಇಡೀ ದೇಶ ಚುನಾವಣೆಗೆ ಹೋಯಿತು. ಶತ್ರು ಯಾರು ಎಂಬ ಪ್ರಶ್ನೆಯಲ್ಲಿ ರಾಜಕೀಯಕ್ಕೆ ಲಾಭವಿದೆ, ಬೇರೆಯವರ ಕಡೆ ಬೆರಳು ತೋರಿಸಬಹುದು. ನಾವು ಎಲ್ಲಿ ಎಡವಿದೆವು ಎಂಬ ಪ್ರಶ್ನೆಯಲ್ಲಿ ಯಾರಿಗೂ ಲಾಭವಿಲ್ಲ. ಆದರೆ ಮುಂದಿನ ಜೀವ ಉಳಿಸುವುದು ಈ ಎರಡನೆಯದೇ. ಹತ್ಯೆಯಾದ ವರ್ಷವೇ ಎಸ್‌ಪಿಜಿ ಕಾಯ್ದೆಗೆ ತಿದ್ದುಪಡಿ ತಂದು ಮಾಜಿ ಪ್ರಧಾನಿಗಳನ್ನೂ ಸೇರಿಸಿದರು. ವಾಲ್ವ್ ರಿಪೇರಿ ಅಂದರೆ ಅದು. ಒಂದು ಜೀವ ಹೋದ ಮೇಲೆ ಆಯಿತು ಅನ್ನುವುದು ಬೇರೆ ಮಾತು.

ಆ ಪ್ರಕರಣದ ಕೊನೆಯ ಅಧ್ಯಾಯ ನಡೆದದ್ದು ನಮ್ಮಲ್ಲೇ. ಎಲ್‌ಟಿಟಿಇಯವರು ಬೆಂಗಳೂರಿನಲ್ಲೂ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲೂ ಬಾಡಿಗೆ ಮನೆ ಹಿಡಿದು ಅಡಗಿದ್ದರು. 1991ರ ಆಗಸ್ಟ್‌ನಲ್ಲಿ ಪೊಲೀಸರು ಮಂಡ್ಯದ ಅಡಗುದಾಣಗಳಿಗೆ ಹೋದಾಗ ಒಳಗಿದ್ದವರು ಸೈನೈಡ್ ನುಂಗಿದರು. ಆಗಸ್ಟ್ 20ರಂದು ಕೋಣನಕುಂಟೆಯ ಮನೆಯೊಳಗೆ ಶಿವರಾಸನ್, ಶುಭಾ ಸೇರಿ ಏಳು ಹೆಣ ಸಿಕ್ಕವು. ಸಂಚನ್ನು ನೆಲದ ಮೇಲೆ ನಡೆಸಿದವನು ತನಗೆ ಗೊತ್ತಿದ್ದದ್ದನ್ನೆಲ್ಲ ತನ್ನ ಜೊತೆಗೇ ತೆಗೆದುಕೊಂಡು ಹೋದ. ಅವರನ್ನು ಜೀವಂತ ಹಿಡಿಯಬೇಕು ಅಂತ ತನಿಖಾ ತಂಡ ಒದ್ದಾಡಿದ್ದು ಅದಕ್ಕೇ. ಸತ್ತ ಆರೋಪಿ ಬಾಯಿ ಬಿಡುವುದಿಲ್ಲ. ಸುಪಾರಿ ಕೊಟ್ಟವರು ಯಾರು, ದಾರಿ ತೋರಿಸಿದವರು ಯಾರು, ಗೊತ್ತಿದ್ದೂ ಸುಮ್ಮನಿದ್ದವರು ಯಾರು ಅನ್ನುವುದು ಅವನ ಜೊತೆಗೇ ಮಣ್ಣಾಗುತ್ತದೆ. ಹಾಗಾಗಿ ಶೂಟೌಟ್ ಮಾಡಿ ಅನ್ನುವುದು ಕಠಿಣ ಕ್ರಮದ ಹಾಗೆ ಕೇಳಿಸಿದರೂ, ಪರಿಣಾಮದಲ್ಲಿ ತನಿಖೆ ನಿಲ್ಲಿಸಿ ಅಂದ ಹಾಗೆ. ಪೊಲೀಸ್ ಎನ್‌ಕೌಂಟರಿನ ಪ್ರತಿ ಸಾವಿಗೂ ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ಇದು ಒಂದು ಪಕ್ಷದ ರೋಗವಲ್ಲ. 2022ರ ಜುಲೈ 26ರಂದು ಬೆಳ್ಳಾರೆಯಲ್ಲಿ ಬಿಜೆಪಿ ಯುವ ಮೋರ್ಚಾದ ಪ್ರವೀಣ್ ನೆಟ್ಟಾರು ಕೊಲೆಯಾದಾಗ ಆ ಪಕ್ಷದ ಕಾರ್ಯಕರ್ತರೇ ತಮ್ಮ ರಾಜ್ಯಾಧ್ಯಕ್ಷರ ಕಾರಿಗೆ ಮುತ್ತಿಗೆ ಹಾಕಿದರು. ನಮ್ಮದೇ ಸರ್ಕಾರ ಇದ್ದರೂ ನಮ್ಮ ಜೀವಕ್ಕೆ ಬೆಲೆ ಇಲ್ವಾ ಅನ್ನುವುದು ಅವರ ಸಿಟ್ಟು. ಸರಿಯಾದ ಸಿಟ್ಟೇ ಅದು. ಅದಕ್ಕೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕೊಟ್ಟ ಉತ್ತರಗಳಲ್ಲಿ ಒಂದು, ಅಗತ್ಯ ಬಿದ್ದರೆ ಯೋಗಿ ಮಾದರಿ ತರುತ್ತೇವೆ ಎಂಬುದು. ಕಾರ್ಯಕರ್ತರು ಕೇಳಿದ್ದು ರಕ್ಷಣೆ. ಸಿಕ್ಕಿದ್ದು ಪ್ರತೀಕಾರದ ಭರವಸೆ.

ನಲವತ್ತೆಂಟು ದಿನ

ಅದೇ ತಿಂಗಳು, ಜುಲೈ 8ರಂದು, ಜಪಾನಿನ ನಾರಾ ನಗರದಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆ ಅವರಿಗೆ ಗುಂಡು ಬಿತ್ತು. ಹಂತಕ ಜೀವಂತ ಸಿಕ್ಕಿದ. ಅವನ ವಿಚಾರಣೆ ಅದರ ಪಾಡಿಗೆ ಅದು ಶುರುವಾಯಿತು. ಇತ್ತ ರಾಷ್ಟ್ರೀಯ ಪೊಲೀಸ್ ಸಂಸ್ಥೆ ತನ್ನನ್ನು ತಾನೇ ತನಿಖೆ ಮಾಡಿಕೊಂಡಿತು. ಅಬೆ ಅವರ ಬೆನ್ನ ಹಿಂದೆ ಸರಿಯಾದ ಕಾವಲಿರಲಿಲ್ಲ. ಅದೇ ಜಾಗದಲ್ಲಿ ಹಿಂದೆ ನಡೆದ ಸಭೆಯೊಂದರ ಭದ್ರತಾ ಯೋಜನೆಯನ್ನೇ ಹೆಚ್ಚು ಯೋಚಿಸದೆ ಮತ್ತೆ ಬಳಸಿದ್ದರು. ಮೊದಲ ಗುಂಡು ತಗುಲಲಿಲ್ಲ, ಎರಡನೆಯದು ಸಿಡಿಯುವ ಮುಂಚೆ ಸಿಕ್ಕ ಎರಡೂವರೆ ಸೆಕೆಂಡಿನಷ್ಟು ಹೊತ್ತಿನಲ್ಲಿ ಅವರನ್ನು ಯಾರೂ ಕೆಳಗೆ ತಳ್ಳಲಿಲ್ಲ. ಆಗಸ್ಟ್ 25ರಂದು, ಅಂದರೆ 48ನೇ ದಿನಕ್ಕೆ, ಇದೆಲ್ಲ ವರದಿಯಾಗಿ ಜನರ ಮುಂದೆ ಬಂತು. ಸಂಸ್ಥೆಯ ಮುಖ್ಯಸ್ಥರು ಅವತ್ತೇ ರಾಜೀನಾಮೆ ಘೋಷಿಸಿದರು. ಅಲ್ಲಿಯವರೆಗೆ ಸ್ಥಳೀಯ ಪೊಲೀಸರಿಗೇ ಬಿಟ್ಟಿದ್ದ ಭದ್ರತಾ ಯೋಜನೆಗಳನ್ನು ಮೇಲಿನವರು ಮೊದಲೇ ಪರಿಶೀಲಿಸಬೇಕು ಅಂತ ನಿಯಮ ಬದಲಾಯಿತು.

ಅಬೆ ದೊಡ್ಡ ನಾಯಕರು, ತಾಲ್ಲೂಕು ಮಟ್ಟದ ಮುಖಂಡರಿಗೆಲ್ಲ ಗನ್‌ಮ್ಯಾನ್ ಕೊಡಕ್ಕಾಗುತ್ತಾ ಅಂತ ಕೇಳಬಹುದು. ಆಗಲ್ಲ, ಕೊಡಲೂಬಾರದು. ಈಗಲೇ ಗನ್‌ಮ್ಯಾನ್ ಅನ್ನುವುದು ರಕ್ಷಣೆಗಿಂತ ಗತ್ತಿನ ವಿಷಯವಾಗಿದೆ. ಜಾಮೀನೇ ಕೊಡಬೇಡಿ ಅನ್ನುವುದೂ ಪರಿಹಾರವಲ್ಲ. ವಿಚಾರಣೆ ಮುಗಿಯುವ ಮುಂಚೆ ಜಾಮೀನು ಕೇಳುವುದು ಆರೋಪಿಯ ಹಕ್ಕು, ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ. ನಾನು ಕೇಳುತ್ತಿರುವುದು ಜಾಮೀನು ಸಿಕ್ಕ ದಿನದಿಂದ ಪೊಲೀಸರು ಮಾಡಬೇಕಾದ ಕೆಲಸದ ಬಗ್ಗೆ.

ಆ ಕೆಲಸಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಶಾಂತಿ ಕದಡುವ ಭಯವಿದ್ದರೆ ಮುಚ್ಚಳಿಕೆ ಬರೆಸಿಕೊಳ್ಳಲು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 107ನೇ ಸೆಕ್ಷನ್ ಇತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿ ಅದೇ 126 ಆಗಿದೆ. ಜಾಮೀನಿನ ಷರತ್ತು ಮುರಿದರೆ ರದ್ದು ಮಾಡಿ ಅಂತ ಕೋರ್ಟಿಗೆ ಹೋಗುವ ದಾರಿಯೂ ಇದೆ. ದಲಿತರ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಆರೋಪಿಯ ಜಾಮೀನು ವಿಚಾರಣೆಯ ವಿಷಯ ನೊಂದವರಿಗೆ ಮೊದಲೇ ತಿಳಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಹಳೇ ವೈರದ ಕೊಲೆ ಪ್ರಕರಣಗಳಿಗೂ ಅದನ್ನೇ ಪಾಲಿಸಲು ಏನು ಅಡ್ಡಿ?

ಇನ್ನೊಂದು ವಿಷಯ. ಮದ್ದೂರಿನ ಕೊಲೆಗೆ ಸರಿಯಾಗಿ 19 ದಿನ ಮುಂಚೆ, 2018ರ ಡಿಸೆಂಬರ್ 5ರಂದು, ಸಾಕ್ಷಿ ರಕ್ಷಣಾ ಯೋಜನೆಯನ್ನು ಎಲ್ಲ ರಾಜ್ಯಗಳೂ ಕಾನೂನಿನಂತೆ ಪಾಲಿಸಬೇಕು ಅಂತ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಅದರ ಪ್ರಕಾರ ಸಾಕ್ಷಿಯೊಬ್ಬರು ರಕ್ಷಣೆ ಕೇಳಿದರೆ, ಆ ಉಪವಿಭಾಗದ ಡಿವೈಎಸ್‌ಪಿ ಬೆದರಿಕೆ ಎಷ್ಟಿದೆ ಅಂತ ಅಂದಾಜು ಮಾಡಿ ಐದು ಕೆಲಸದ ದಿನದೊಳಗೆ ಬರಹದಲ್ಲಿ ವರದಿ ಕೊಡಬೇಕು. ಯೋಜನೆ ಇರುವುದು ಸಾಕ್ಷಿಗಳಿಗೆ. ಆದರೆ ಅದರ ಒಳಗಿನ ವಿಚಾರ ಸರಳ: ಅಪಾಯ ಇದೆಯೋ ಇಲ್ಲವೋ ಅಂತ ಒಬ್ಬ ಅಧಿಕಾರಿ ತನ್ನ ಹೆಸರು ಹಾಕಿ, ಸಹಿ ಮಾಡಿ ಹೇಳಬೇಕು. ಕಾಗದದ ಮೇಲೆ ಸಹಿ ಇದ್ದಾಗ, ನಾಳೆ ಏನಾದರೂ ಆದರೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ಸಹಿ ಇಲ್ಲದಿದ್ದರೆ ರಾತ್ರಿ ಪಾಳಿಯ ಕಾನ್‌ಸ್ಟೆಬಲ್ ಅಮಾನತಾಗುತ್ತಾನೆ, ಕಥೆ ಮುಗಿಯುತ್ತದೆ.

ದ್ವೇಷದ ಕೊಲೆ ಪ್ರಕರಣದಲ್ಲಿ ಜಾಮೀನಾದ ಕೂಡಲೇ ಡಿವೈಎಸ್‌ಪಿಯಿಂದ ಇಂಥದೊಂದು ಲಿಖಿತ ಅಂದಾಜು ಕಡ್ಡಾಯವಾಗಲಿ. ಅಷ್ಟಾದರೂ ರಾಜಕೀಯ ಮುಖಂಡರ ಕೊಲೆ ನಡೆದರೆ, ಕೊಲೆಯ ತನಿಖೆ ಬೇರೆ, ಲೋಪದ ತನಿಖೆ ಬೇರೆ ಇರಲಿ. ಎರಡನೆಯದನ್ನು ಜಿಲ್ಲೆಯ ಹೊರಗಿನ ಹಿರಿಯ ಅಧಿಕಾರಿ ಮಾಡಲಿ, 60 ದಿನದಲ್ಲಿ ವರದಿ ಪ್ರಕಟವಾಗಲಿ. ಇದಕ್ಕೆ ಸರ್ಕಾರದ ಒಂದು ಆದೇಶ ಸಾಕು.

ನಮ್ಮ ಕಡೆ ಊರ ಜಗಳ ಯಾವತ್ತೂ ಬರೀ ಊರ ಜಗಳವಾಗಿ ಉಳಿದಿಲ್ಲ. ಜಮೀನಿನದೋ ಡೇರಿ ಚುನಾವಣೆಯದೋ ಹಳೇ ಹಗೆ, ಎಲೆಕ್ಷನ್ ಬಂದರೆ ಪಕ್ಷದ ಬಾವುಟ ಹೊದ್ದುಕೊಳ್ಳುತ್ತದೆ. ಯಾರಿಗೆ ಯಾರ ಮೇಲೆ ಕಣ್ಣಿದೆ ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ, ಬೀಟ್ ಪೊಲೀಸರಿಗೂ ಗೊತ್ತಿರುತ್ತದೆ. ಗೊತ್ತಿರುವುದು ದಾಖಲೆಯಾಗುವುದಿಲ್ಲ ಅಷ್ಟೇ.

ಮದ್ದೂರಿನ ಆರೋಪಿಗಳ ಬಗ್ಗೆ ಹೇಳಬೇಕಾದ್ದು ಕೋರ್ಟು. ಜಾಮೀನಿಗೂ ಕೊಲೆಗೂ ನಡುವೆ ಎರಡು ದಿನವಿತ್ತು ಅಂತ ಹೇಳಿದವರು ಸ್ವತಃ ರಾಜ್ಯದ ಮುಖ್ಯಮಂತ್ರಿ. ಆ ಎರಡು ದಿನದ ಲೆಕ್ಕ ಕೊಡಬೇಕಾದ್ದು ಸರ್ಕಾರ.