ಚಂದ್ರಗುತ್ತಿಯ ಮೇಲೆ ಚಂದ್ರೋದಯ
ಸೊರಬ ತಾಲ್ಲೂಕಿನ ಚಂದ್ರಗುತ್ತಿ ಬೆಟ್ಟವೆಂದರೆ ಬಹುಮಂದಿಗೆ ರೇಣುಕಾಂಬೆಯ ಗುಹಾ ದೇಗುಲ, ಅದರಾಚೆಯ ಹಾಳುಬಿದ್ದ ಕೋಟೆ. ನನಗೆ ಅದು ಚಂದ್ರೋದಯ ನೋಡುವ ಜಾಗವೂ ಹೌದು. ಹುಣ್ಣಿಮೆಯಂದು ಪಡುವಣದಲ್ಲಿ ಸೂರ್ಯ ಮುಳುಗುವ ಹೊತ್ತಿಗೇ ಮೂಡಣದಲ್ಲಿ ಚಂದ್ರ ಏಳುತ್ತಾನೆ. ಬೇಸಿಗೆಯಲ್ಲಾದರೆ ತುಸು ತೆಂಕಣಕ್ಕೆ ಸರಿದು, ಶಿಕಾರಿಪುರದ ದಿಕ್ಕಿನಲ್ಲಿ, ಕೆಂಪಗೆ. ಮರುದಿನ ಹೋದರೆ ಸುಮಾರು ಮುಕ್ಕಾಲು ಗಂಟೆ ಕತ್ತಲಲ್ಲಿ ಕಾಯಬೇಕು. ನಾಯಿ ಜೊತೆಗಿದ್ದರೆ ಸಂಜೆಯ ಬೆಟ್ಟ ಇನ್ನಷ್ಟು ಜೀವಂತ: ನಮಗೆ ಕೇಳದ್ದು ಅದಕ್ಕೆ ಕೇಳುತ್ತದೆ, ಕಿವಿ ನಿಮಿರಿದ ಕಡೆಗೆ ನಾವೂ ತಿರುಗುತ್ತೇವೆ. ಆದರೆ ಮಲೆನಾಡಿನ ಚಿರತೆಗೆ ನಾಯಿ ಸುಲಭದ ಬೇಟೆ. ಕೊರಳ ಹಗ್ಗ ಬಿಚ್ಚಿದರೆ ನವಿಲು, ಮೊಲಗಳಿಗೂ ನೆಮ್ಮದಿಯಿಲ್ಲ. ನಾಯಿಯನ್ನು ಪ್ರೀತಿಸುವವರು ದಯವಿಟ್ಟು ಹಗ್ಗ ಕೈಯಲ್ಲೇ ಹಿಡಿದಿರಿ, ದೇಗುಲದಿಂದ ದೂರವೇ ನಿಲ್ಲಿಸಿಕೊಳ್ಳಿ, ಟಾರ್ಚ್ ಮರೆಯದೆ ಗುಂಪಾಗಿಯೇ ಇಳಿಯಿರಿ.